ಸಂಭಾವಿತ ಕುದುರೆ

(ವಿಜಯಪುರದಲ್ಲಿ ವಿಶೇಷ ಮಕ್ಕಳ ಪಾಲಕರು ಮತ್ತು ಶಿಕ್ಷಕರ ಎದುರು ಆಡಿದ ಮಾತುಗಳ ಬರಹ ರೂಪ)

ಒಳಗೆ ಬರುವ ಮುಂಚೆ ಬಾಗಿಲ ಹತ್ತಿರ ಚಹಾ ಕುಡಿಯುತ್ತಾ ನಿಂತಿದ್ದೆ. ಒಬ್ಬರು ಬಂದು ಕೇಳಿದರು: "ಸರ, ನಮ್ಮೂರಾಗ ಒಂದು ಭಾಳ ಸಂಭಾವಿತ ಕುದುರಿ ಐತ್ರಿ. ಪಟಾಕಿ ಹೊಡದ್ರೂ ಅಲ್ಲಾಡಂಗಿಲ್ಲ. ನಮ್ಮ ಹುಡುಗನ್ನ ಕುಂದ್ರಿಸಿದ್ರ ನಡೀತದೇನ್ರಿ?"

ಅವರು ಇಲ್ಲೇ ಮೂರನೇ ಸಾಲಿನಲ್ಲಿ ಕೂತಿದ್ದಾರೆ. ಆಗ ನಾನು ಉತ್ತರ ಕೊಡಲಿಲ್ಲ. ಬರೆದುಕೊಂಡು ಬಂದದ್ದನ್ನು ಬದಿಗಿಟ್ಟು ಇವತ್ತು ಅದಕ್ಕೇ ಉತ್ತರ ಹೇಳುತ್ತೇನೆ. ವಿಶೇಷ ಮಕ್ಕಳನ್ನು ಕುದುರೆ ಮೇಲೆ ಕೂರಿಸಿ ಚಿಕಿತ್ಸೆ ಕೊಡುವುದು ನನ್ನ ಕೆಲಸ. ಇದೇ ಪ್ರಶ್ನೆಗೆ ನಾನೂ ಒಮ್ಮೆ ಅವಸರದಲ್ಲಿ "ನಡೀತದ" ಅಂದುಕೊಂಡು ಪೆಟ್ಟು ತಿಂದಿದ್ದೇನೆ.

ಮೊದಲು ಒಂದು ಸಣ್ಣ ಕೆಲಸ ಮಾಡೋಣ. ಎದ್ದು ನಿಲ್ಲಲು ಆಗುವವರೆಲ್ಲ ಎದ್ದು ನಿಲ್ಲಿ. ಎರಡೂ ಕೈ ಸೊಂಟದ ಮೂಳೆಯ ಮೇಲೆ ಇಟ್ಟುಕೊಳ್ಳಿ. ಇದ್ದಲ್ಲೇ ನಾಲ್ಕು ಹೆಜ್ಜೆ ನಡೆಯಿರಿ. ಕೈಗೆ ಏನು ಗೊತ್ತಾಗುತ್ತೆ? ಸೊಂಟ ಸುಮ್ನೆ ಮುಂದೆ ಹೋಗುವುದಿಲ್ಲ. ಒಂದು ಕಡೆ ಏರುತ್ತೆ, ಇನ್ನೊಂದು ಕಡೆ ಇಳಿಯುತ್ತೆ. ಸ್ವಲ್ಪ ತಿರುಗುತ್ತೆ ಕೂಡ. ಹೌದಲ್ವಾ? ಈಗ ಕೂತ್ಕೊಳ್ಳಿ.

ಕುದುರೆ ನಿಧಾನಕ್ಕೆ ನಡೆಯುವಾಗ ಅದರ ಬೆನ್ನೂ ಹೀಗೇ ಆಡುತ್ತೆ. ಮುಂದೆ ಹಿಂದೆ, ಎಡಕ್ಕೆ ಬಲಕ್ಕೆ, ಸ್ವಲ್ಪ ತಿರುವು. ಮೇಲೆ ಕೂತವರ ಸೊಂಟವನ್ನು ಅದು ಹಾಗೇ ಆಡಿಸುತ್ತೆ. ಹಿಂಗಾಲಿನ ಹೆಜ್ಜೆ ಎಣಿಸಿದರೆ ನಿಮಿಷಕ್ಕೆ ನೂರರ ಆಸುಪಾಸು. ನಾವು ನಡೆಯುವ ಲಯವೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಒಂದು ದಿನವೂ ನಡೆಯದ ಮಗು ಹತ್ತು ನಿಮಿಷ ಕುದುರೆ ಮೇಲೆ ಕೂತರೆ, ಅದರ ಸೊಂಟ ಸಾವಿರ ಸಲ ನಡಿಗೆಯ ರುಚಿ ನೋಡುತ್ತೆ. ನಾನು ಫಿಜಿಯೋಥೆರಪಿಸ್ಟ್. ಹಾಸಿಗೆ ಮೇಲೆ ಮಲಗಿಸಿ, ದೊಡ್ಡ ಚೆಂಡಿನ ಮೇಲೆ ಕೂರಿಸಿ ಎಷ್ಟೋ ಕಸರತ್ತು ಮಾಡಿಸುತ್ತೇನೆ. ಆದರೆ ಈ ಮೂರೂ ಬಗೆಯ ಆಟವನ್ನು ಒಟ್ಟಿಗೆ, ಒಂದೇ ಲಯದಲ್ಲಿ, ಬೇಸರ ಇಲ್ಲದೆ ಸಾವಿರ ಸಲ ಕೊಡಲು ನನ್ನ ಎರಡು ಕೈಯಿಂದ ಆಗುವುದಿಲ್ಲ. ಮೇಲಾಗಿ ಕುದುರೆಯ ಮೈ ಬಿಸಿ ನಮಗಿಂತ ಒಂದು ಡಿಗ್ರಿಯಷ್ಟು ಜಾಸ್ತಿ, ಸುಮಾರು 38. ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲು ಹತೋಟಿ ತಪ್ಪುವುದು) ಇರುವ ಮಕ್ಕಳ ತೊಡೆ ಕತ್ತರಿಯ ಹಾಗೆ ಬಿಗಿದುಕೊಂಡಿರುತ್ತಲ್ಲ, ಆ ಬಿಸಿಗೆ, ಆ ತೂಗಾಟಕ್ಕೆ ಮೆಲ್ಲಗೆ ಸಡಿಲ ಬಿಡುತ್ತೆ.

ಇದು ನಾವು ಕಂಡುಹಿಡಿದದ್ದಲ್ಲ. ಡೆನ್ಮಾರ್ಕಿನಲ್ಲಿ ಲಿಸ್ ಹಾರ್ಟೆಲ್ ಅಂತ ಒಬ್ಬ ಹೆಣ್ಣುಮಗಳಿದ್ದಳು. 1944ರಲ್ಲಿ ಪೋಲಿಯೋ ಬಡಿಯಿತು. ಆಗ ಆಕೆ ಬಸುರಿ. ಮಂಡಿಯಿಂದ ಕೆಳಗೆ ಕಾಲಿಗೆ ಶಕ್ತಿ ಬರಲೇ ಇಲ್ಲ. ಎಂಟು ವರ್ಷದ ಮೇಲೆ, 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ, ಜ್ಯುಬಿಲಿ ಅನ್ನುವ ಕುದುರೆ ಮೇಲೆ ಕೂತು ಡ್ರೆಸಾಜ್ ಸ್ಪರ್ಧೆಯಲ್ಲಿ, ಅಂದರೆ ಕುದುರೆಯನ್ನು ಹೇಳಿದ ಹಾಗೆ ಲಯದಲ್ಲಿ ನಡೆಸಿ ತೋರಿಸುವ ಸ್ಪರ್ಧೆಯಲ್ಲಿ, ಬೆಳ್ಳಿ ಗೆದ್ದಳು. ಆ ಸ್ಪರ್ಧೆಗೆ ಹೆಂಗಸರನ್ನು ಬಿಟ್ಟುಕೊಂಡದ್ದೇ ಆ ವರ್ಷ. ಕುದುರೆ ಹತ್ತಲು, ಇಳಿಯಲು ಬೇರೆಯವರು ಹಿಡಿಯಬೇಕಿತ್ತು. 1956ರಲ್ಲಿ ಮತ್ತೆ ಬೆಳ್ಳಿ. ಆಮೇಲೆ ಯುರೋಪಿನಲ್ಲಿ, ಅಮೆರಿಕದಲ್ಲಿ ಕುದುರೆಯನ್ನು ಚಿಕಿತ್ಸೆಗೆ ಬಳಸುವ ಕೆಲಸಕ್ಕೆ ಕಳೆ ಬಂತು. ನನಗೆ ಆಕೆಗಿಂತ ಆ ಕುದುರೆಯದೇ ಆಶ್ಚರ್ಯ. ಕಾಲಿನಿಂದ ಒತ್ತಿ ಹೇಳಬೇಕಾದ್ದನ್ನು ಆಕೆ ಬರೀ ಬೆನ್ನಿನ ವಾಲಾಟದಲ್ಲಿ ಹೇಳುತ್ತಿದ್ದಳು. ಅದು ಕೇಳಿಸಿಕೊಳ್ಳುತ್ತಿತ್ತು.

ನಮ್ಮ ಕಡೆ ಕುದುರೆ ಅಂದರೆ ಕಣ್ಣ ಮುಂದೆ ಬರುವುದು ಬೇರೆ. ಬೆಳಗಾವಿಯ ಚನ್ನಮ್ಮ ವೃತ್ತದಲ್ಲಿ ರಾಣಿ ಕತ್ತಿ ಹಿಡಿದು ಕೂತ ಕುದುರೆ. ಮದುವೆ ಮೆರವಣಿಗೆಯಲ್ಲಿ ಕುಣಿಯುವ ಕುದುರೆ. ಚಿಕ್ಕೋಡಿ, ರಾಯಬಾಗದ ಕಡೆ ಗಾಡಿ ಶರ್ಯತ್ತಿನಲ್ಲಿ ಬಾಯಲ್ಲಿ ನೊರೆ ಕಾರುತ್ತಾ ಓಡುವ ಕುದುರೆ. ಮತ್ತೆ ನಮ್ಮ ವಿಜಯಪುರದ್ದೇ ಆದ ಟಾಂಗಾ ಕುದುರೆ. ಗೋಲಗುಮ್ಮಟದಿಂದ ಇಬ್ರಾಹಿಂ ರೋಜಾಕ್ಕೆ ಪ್ರವಾಸಿಗರನ್ನು ಎಳೆದುಕೊಂಡು ಹೋಗುತ್ತಲ್ಲ, ಅದು.

ನನ್ನ ತಪ್ಪು ಶುರುವಾದದ್ದು ಅಲ್ಲೇ.

ಆಟೋಗಳು ಹೆಚ್ಚಾಗಿ ಟಾಂಗಾ ಕಡಿಮೆಯಾಗುತ್ತಿದ್ದ ಕಾಲ. ನಾನು ಯೋಚನೆ ಮಾಡಿದೆ: ಈ ಕುದುರೆಗಳಿಗೆ ಟ್ರಾಫಿಕ್ಕು, ಹಾರ್ನು, ಜನಜಂಗುಳಿ ಎಲ್ಲ ರೂಢಿ. ಇವಕ್ಕಿಂತ ಶಾಂತ ಕುದುರೆ ಎಲ್ಲಿ ಸಿಗುತ್ತೆ? ಒಬ್ಬ ಚಾಚಾ ಟಾಂಗಾ ಬಿಡುವವರಿದ್ದರು. ಅವರ ಬಿಳಿ ಕುದುರೆ, ಹೆಸರು ಬಾದಲ್. ಹಲ್ಲು ನೋಡಿದರೆ ಹದಿನಾಲ್ಕರ ಸುಮಾರು. ಹೋಗಿ ನೋಡಿದೆ. ಕಿವಿ ಹಿಡಿದೆ, ಸುಮ್ಮನಿತ್ತು. ಬಾಲ ಎಳೆದೆ, ಸುಮ್ಮನಿತ್ತು. ಹೊಟ್ಟೆ ಕೆಳಗೆ ನುಗ್ಗಿ ಆ ಕಡೆ ಎದ್ದೆ, ಆಗಲೂ ಸುಮ್ಮನೇ ಇತ್ತು. ನನಗೆ ಲಾಟರಿ ಹೊಡೆದಷ್ಟು ಖುಷಿ.

ಚಾಚಾ ಮಾತ್ರ ಒಂದು ಮಾತು ಹೇಳಿದರು. "ಡಾಕ್ಟ್ರ, ಅದು ಶಾಣ್ಯಾ ಅಂತ ಸುಮ್ನಿಲ್ರೀ. ದಣದೈತಿ." ನಾನು ಅದನ್ನು ಸೌಜನ್ಯದ ಮಾತು ಅಂದುಕೊಂಡೆ. ಮಾರುವವರು ತಮ್ಮ ಕುದುರೆಯನ್ನು ತಾವೇ ಹಳಿಯುವುದನ್ನು ಎಲ್ಲಾದರೂ ಕೇಳಿದ್ದೀರಾ? ಆಗಲೇ ಕಿವಿ ನೆಟ್ಟಗಾಗಬೇಕಿತ್ತು. ಆಗಲಿಲ್ಲ.

ಊರ ಹೊರಗೆ ಗೆಳೆಯನ ಹೊಲದಲ್ಲಿ ಬಾದಲ್‌ನನ್ನು ಕಟ್ಟಿದೆವು. ಮೂರು ವಾರ ಮಕ್ಕಳನ್ನು ಕೂರಿಸಿದೆವು. ಕಂಬದ ಹಾಗೆ ನಿಲ್ಲುತ್ತಿತ್ತು, ನಡೆ ಅಂದರೆ ನಡೆಯುತ್ತಿತ್ತು. ಪಾಲಕರು ಮೊಬೈಲಿನಲ್ಲಿ ಫೋಟೋ ತೆಗೆದದ್ದೇ ತೆಗೆದದ್ದು. ನಾಲ್ಕನೇ ವಾರ ಒಂದು ಬೆಳಿಗ್ಗೆ, ಯಾರೋ ಬಿಸಿಲಿಗೆ ಅಂತ ಛತ್ರಿ ಬಿಚ್ಚಿದರು. ಪಟ್ ಅಂತ ಸದ್ದು. ಅದಕ್ಕಿಂತ ಹತ್ತು ಪಟ್ಟು ದೊಡ್ಡ ಸದ್ದಿಗೂ ಕಣ್ಣು ಮಿಟುಕಿಸದ ಕುದುರೆ ಒಮ್ಮೆಗೇ ಪಕ್ಕಕ್ಕೆ ಜಿಗಿದು ಓಡಿತು. ಮೇಲೆ ಏಳು ವರ್ಷದ ಹುಡುಗ. ಎರಡೂ ಪಕ್ಕ ನಡೆಯುತ್ತಿದ್ದವರು ಅವನ ಸೊಂಟದ ಪಟ್ಟಿ ಹಿಡಿದಿದ್ದರು. ಅದರಿಂದ ಅವನನ್ನು ಗಾಳಿಯಲ್ಲೇ ಎತ್ತಿಕೊಂಡರು. ಮೊಣಕೈ ತರಚಿತು, ಅಷ್ಟೇ. ಅಷ್ಟೇ ಅಂತ ಈಗ ಹೇಳುತ್ತೇನೆ. ಅವತ್ತು ಅವನ ಅಪ್ಪ ನನ್ನ ಮುಖ ನೋಡಿದ್ದು ಇನ್ನೂ ಮರೆತಿಲ್ಲ. ಎರಡು ತಿಂಗಳು ಎಲ್ಲ ಬಂದ್ ಮಾಡಿದೆ.

ಪಶುವೈದ್ಯರನ್ನು ಕರೆಸಿದೆ. ಕುದುರೆ ತರುವ ಮುಂಚೆ ಕರೆಸಬೇಕಿತ್ತು, ಗೊತ್ತು. ಅವರು ಬಾಯಿ ತೆರೆಸಿದರು. ಕುದುರೆಯ ಹಲ್ಲು ಜೀವನಪೂರ್ತಿ ಮೇಲೆ ಬರುತ್ತಲೇ ಇರುತ್ತೆ. ಸಮ ಸವೆಯದಿದ್ದರೆ ಅಂಚು ಚೂಪಾಗುತ್ತೆ. ಬಾದಲ್‌ನ ಕೆನ್ನೆ ಒಳಗೆಲ್ಲ ಗೀರಿ ಹುಣ್ಣಾಗಿತ್ತು. ಕಡಿವಾಣ ತಾಗುವಲ್ಲಿ ಹಳೆಯ ಗಾಯ. ಮುಂದಿನ ಬಲಗಾಲಿನ ಗೊರಸಿನ ಒಳಗೆ ಕೀವು. ಹೊಟ್ಟೆಯಲ್ಲಿ ಹುಳ. ಅಂದರೆ ಆ ಕುದುರೆ ಮೈಯೆಲ್ಲ ನೋವು ಇಟ್ಟುಕೊಂಡು ನಿಂತಿತ್ತು. ಏನು ಮಾಡಿದರೂ ಏನೂ ಬದಲಾಗುವುದಿಲ್ಲ ಅಂತ ಎಂದೋ ಕಲಿತುಬಿಟ್ಟಿತ್ತು. ಅದನ್ನು ನಾವು ಸಂಭಾವಿತ ಅಂದೆವು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಹೆದರಿದ ಕುದುರೆ ಸಾಮಾನ್ಯವಾಗಿ ಮೊದಲೇ ಹೇಳುತ್ತೆ. ಕಿವಿ ಆಡಿಸುತ್ತೆ, ತಲೆ ಎತ್ತುತ್ತೆ, ಮೂಗಿನ ಹೊಳ್ಳೆ ಅಗಲ ಮಾಡುತ್ತೆ, ಬಾಲ ಬಿಗಿ ಹಿಡಿಯುತ್ತೆ. ಆಮೇಲೆ ಓಡುತ್ತೆ. ನಮಗೆ ಎರಡು ಮೂರು ಸೆಕೆಂಡ್ ಸಿಗುತ್ತೆ. ಒಳಗೇ ಮುದುಡಿಕೊಂಡ ಕುದುರೆ ಈ ಯಾವುದನ್ನೂ ಹೇಳುವುದಿಲ್ಲ. ಸಹಿಸಿ ಸಹಿಸಿ, ಒಂದು ದಿನ ಮುನ್ಸೂಚನೆ ಇಲ್ಲದೆ ಸಿಡಿಯುತ್ತೆ. ಮಗುವನ್ನು ಕೂರಿಸಲು ಇದಕ್ಕಿಂತ ಅಪಾಯದ ಕುದುರೆ ಇಲ್ಲ. ತುಂಟ ಕುದುರೆಗಿಂತ ಇದು ಅಪಾಯ. ತುಂಟ ಕುದುರೆ ಕಂಡರೆ ನಾವು ಹುಷಾರಾಗಿಯಾದರೂ ಇರುತ್ತೇವೆ.

ಬಾದಲ್‌ಗೆ ಹಲ್ಲು ಅರ ಹಾಕಿಸಿದೆವು. ಗೊರಸು ಸರಿ ಮಾಡಿಸಿದೆವು. ಜಂತಿನ ಔಷಧಿ ಆಯಿತು. ಹೊಟ್ಟೆ ತುಂಬ ಹುಲ್ಲು ಹಾಕಿದೆವು. ಚಾಚಾ ವಾರಕ್ಕೊಮ್ಮೆ ನೋಡಲು ಬರುತ್ತಿದ್ದರು. ಒಂದು ದಿನ ಬಂದವರೇ ಕುದುರೆಯ ಪಕ್ಕೆ ತೋರಿಸಿ ನಕ್ಕರು. ಬಿಳಿ ಮೈಗೆ ಹಸಿರು ಲದ್ದಿ ಮೆತ್ತಿಕೊಂಡಿತ್ತು. "ರಾತ್ರಿ ಮಲಗೈತ್ರೀ" ಅಂದರು. ಕುದುರೆ ನಿಂತುಕೊಂಡೇ ತೂಕಡಿಸುತ್ತೆ, ಆದರೆ ಆಳವಾದ ನಿದ್ದೆಗೆ ಮಲಗಲೇಬೇಕು. ಜಾಗದ ಮೇಲೆ ನಂಬಿಕೆ ಬರದೆ ಅದು ಮಲಗುವುದಿಲ್ಲ. ನಾನು ದಿನಾ ಆ ಲದ್ದಿ ನೋಡಿ ಹೊಲಸು ಅಂದುಕೊಂಡು ತೊಳೆಸುತ್ತಿದ್ದೆ!

ಎರಡು ತಿಂಗಳಿಗೆ ಬಾದಲ್ ಬೇರೆಯೇ ಕುದುರೆ. ಬಕೆಟ್ ಒದ್ದು ಉರುಳಿಸಿತು. ನನ್ನ ಭುಜಕ್ಕೆ ಒಮ್ಮೆ ಬಾಯಿ ಹಾಕಿತು, ಚೆನ್ನಾಗೇ. ಚಾಚಾಗೆ ಬಹಳ ಸಂತೋಷ. ನನಗೆ ಭುಜ ನೋವು. ಮಕ್ಕಳನ್ನು ಹೊರುವ ಕೆಲಸಕ್ಕೆ ಅವನು ಆಗಲಿಲ್ಲ, ಆಗುವುದೂ ಇಲ್ಲ. ಈಗಲೂ ಅಲ್ಲೇ ಇದ್ದಾನೆ.

ಹಾಗಾದರೆ ಬೇಕಾದ್ದು ಎಂಥ ಕುದುರೆ? ಅದಕ್ಕೆ ಮುಂಚೆ ಕುದುರೆಗೆ ಲೋಕ ಹೇಗೆ ಕಾಣುತ್ತೆ ಅಂತ ಒಂದೆರಡು ಮಾತು.

ಕಣ್ಣು ತಲೆಯ ಎರಡು ಪಕ್ಕಕ್ಕಿದೆ. ಸುತ್ತ 360 ಡಿಗ್ರಿಯಲ್ಲಿ ಸುಮಾರು 350 ಡಿಗ್ರಿ ಅದಕ್ಕೆ ಕಾಣುತ್ತೆ. ಕಾಣದ ಜಾಗ ಎರಡೇ: ಹಣೆಯ ಎದುರಿಗೇ ಮುಂದೆ, ಮತ್ತೆ ಬಾಲದ ಹಿಂದೆ. ನಮ್ಮ ಮಕ್ಕಳು ಪ್ರೀತಿಯಿಂದ ಮೊದಲು ಓಡಿಹೋಗುವುದೇ ಈ ಎರಡು ಜಾಗಕ್ಕೆ! ಅದಕ್ಕೇ ಭುಜದ ಕಡೆಯಿಂದ, ಏನಾದರೂ ಮಾತಾಡುತ್ತಾ ಹೋಗಿ ಅಂತ ಕಲಿಸುತ್ತೇವೆ. ಕಿವಿ ಎರಡೂ ಬೇರೆ ಬೇರೆ ತಿರುಗುತ್ತವೆ. ಒಂದು ಕಿವಿ ಮುಂದಿನ ರಸ್ತೆ ಕೇಳುತ್ತಿದ್ದರೆ ಇನ್ನೊಂದು ಬೆನ್ನ ಮೇಲಿನ ಮಗುವನ್ನು ಕೇಳುತ್ತಿರುತ್ತೆ.

ಗೋಲಗುಮ್ಮಟದ ಮೇಲಿನ ಗ್ಯಾಲರಿಗೆ ನೀವೆಲ್ಲ ಹೋಗಿದ್ದೀರಿ. ಈ ಕಡೆ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಆ ಕಡೆ ನಿಂತವರಿಗೆ ಕೇಳುತ್ತೆ. ನನ್ನ ಮಟ್ಟಿಗೆ ಕುದುರೆ ಅಂದರೆ ಅದು. ನಾವು ಆಡದೆ ಉಳಿದದ್ದೂ ಅದಕ್ಕೆ ಕೇಳುತ್ತೆ. ನೂರು ವರ್ಷದ ಹಿಂದೆ ಬರ್ಲಿನ್‌ನಲ್ಲಿ ಹಾನ್ಸ್ ಅಂತ ಒಂದು ಕುದುರೆಗೆ ಲೆಕ್ಕ ಬರುತ್ತೆ ಅಂತ ದೊಡ್ಡ ಸುದ್ದಿಯಾಗಿತ್ತು. ಎರಡಕ್ಕೆ ಮೂರು ಕೂಡಿಸಿದರೆ ಎಷ್ಟು ಅಂದರೆ ಐದು ಸಲ ಗೊರಸು ಬಡಿಯುತ್ತಿತ್ತು. ಯಜಮಾನರು ನಿವೃತ್ತ ಗಣಿತ ಮೇಷ್ಟ್ರು, ಮೋಸಗಾರರಲ್ಲ. ಓಸ್ಕರ್ ಫುಂಗ್‌ಸ್ಟ್ ಅನ್ನುವ ಮನಶ್ಶಾಸ್ತ್ರಜ್ಞ ಕೂತು ಪರೀಕ್ಷೆ ಮಾಡಿದ. ಪ್ರಶ್ನೆ ಕೇಳುವವನಿಗೇ ಉತ್ತರ ಗೊತ್ತಿಲ್ಲದಿದ್ದರೆ ಕುದುರೆಗೂ ಗೊತ್ತಿಲ್ಲ! ಸರಿ ಸಂಖ್ಯೆ ಬಂದ ತಕ್ಷಣ ಕೇಳುವವರ ತಲೆ ಕೂದಲೆಳೆಯಷ್ಟು ಅಲುಗುತ್ತಿತ್ತು. ಅವರಿಗೇ ಅದು ಗೊತ್ತಿಲ್ಲ. ಕುದುರೆ ಅದನ್ನು ನೋಡಿ ನಿಲ್ಲಿಸುತ್ತಿತ್ತು. ಜನ ಇದನ್ನು ಕುದುರೆಯ ಬಂಡವಾಳ ಬಯಲಾದ ಕಥೆ ಅಂತ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಲೆಕ್ಕ ಬರುವುದಕ್ಕಿಂತ ಇದು ದೊಡ್ಡ ವಿದ್ಯೆ ಅಲ್ವಾ?

2016ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 28 ಕುದುರೆಗಳಿಗೆ ಗುರುತಿಲ್ಲದ ಜನರ ಫೋಟೋ ತೋರಿಸಿದರು. ಸಿಟ್ಟಿನ ಮುಖ ಕಂಡಾಗ ಕುದುರೆಗಳು ಎಡಗಣ್ಣಿಂದ ನೋಡಲು ತಲೆ ತಿರುಗಿಸಿದವು, ಎದೆಬಡಿತ ಬೇಗ ಏರಿತು. ಬರೀ ಫೋಟೋಗೆ ಇಷ್ಟು. ಇನ್ನು ಗಂಡನ ಜತೆ ಜಗಳ ಮಾಡಿಕೊಂಡು, ಬಸ್ಸು ತಪ್ಪಿಸಿಕೊಂಡು, ಮಗುವನ್ನು ದರದರ ಎಳೆದುಕೊಂಡು ಬಂದ ತಾಯಿ ಪಕ್ಕದಲ್ಲಿ ನಿಂತರೆ? ನಮ್ಮಲ್ಲಿ ಬಂದವರು ಮೊದಲು ಹತ್ತು ನಿಮಿಷ ಬೇವಿನ ಮರದ ಕೆಳಗೆ ಕೂತು ನೀರು ಕುಡಿಯಬೇಕು ಅಂತ ನಿಯಮ ಮಾಡಿದ್ದೇವೆ. ಮಗುವಿಗೆ ಅಂತ ತಿಳಿಯುತ್ತಾರೆ. ನಿಜವಾಗಿ ಅದು ಕುದುರೆಗಾಗಿ.

ಹೀಗೆ ಎಲ್ಲವೂ ಕೇಳುವ ಪ್ರಾಣಿಯಿಂದ ಏನೂ ಕೇಳಿಸದ ಹಾಗಿರು ಅಂತ ಬಯಸುವುದೇ ತಪ್ಪು. ಕೇಳಬೇಕು, ನೋಡಬೇಕು, ಬೆಚ್ಚಿದರೂ ಬೆಚ್ಚಲಿ. ಬೆಚ್ಚಿದ ಮೇಲೆ ಎಷ್ಟು ಬೇಗ ತನ್ನ ಜಾಗಕ್ಕೆ ವಾಪಸ್ ಬರುತ್ತೆ? ನಾನು ನೋಡುವುದು ಅದನ್ನೇ.

ಇನ್ನು ಈಗ ನಮ್ಮ ಮಕ್ಕಳನ್ನು ಹೊರುವ ಹೆಣ್ಣು ಕುದುರೆ ಚಂದ್ರಿಯ ಕಥೆ. ಬೀಳಗಿ ಕಡೆ ಒಂದು ಹೊಲದಲ್ಲಿ ಕುರಿಗಾರರು ಕುರಿ ತರುಬಿದ್ದರು. ನಮ್ಮ ಭಾಗದಲ್ಲಿ ಕುರಿ ಹಿಂಡಿನ ಜತೆ ಒಂದೆರಡು ಸಣ್ಣ ಕುದುರೆ ಇರುವುದನ್ನು ನೀವು ರಸ್ತೆ ಮೇಲೆ ನೋಡಿರುತ್ತೀರಿ. ಅದರ ಮೇಲೆ ಇಡೀ ಸಂಸಾರ. ಪಾತ್ರೆ, ಕೌದಿ, ಕಂಬಳಿ, ಬಲೆ, ಆಗಷ್ಟೇ ಹುಟ್ಟಿದ ಕುರಿಮರಿ, ಕಾಲು ಕಟ್ಟಿದ ಕೋಳಿ, ಎಲ್ಲದರ ಮೇಲೆ ನಡೆಯಲು ಬಾರದ ಒಂದು ಕೂಸು. ಈ ಕುದುರೆ ಓಡುವುದಿಲ್ಲ. ಕುರಿಯ ಹೆಜ್ಜೆಗೆ ಹೆಜ್ಜೆ ಹಾಕಿ ದಿನಪೂರ್ತಿ ನಡೆಯುತ್ತೆ. ಪಕ್ಕದಲ್ಲಿ ನಾಯಿ ಬೊಗಳುತ್ತೆ, ಮೇಲೆ ಪಾತ್ರೆ ಗಲಗಲ ಅನ್ನುತ್ತೆ, ಕೂಸು ಅಳುತ್ತೆ. ನಾನು ಇಷ್ಟು ವರ್ಷ ಟಾಂಗಾ ನಿಲ್ದಾಣದಲ್ಲಿ ಹುಡುಕುತ್ತಿದ್ದದ್ದು ಇಲ್ಲಿ ರಸ್ತೆ ಮೇಲೆ ನಡೆದುಕೊಂಡು ಹೋಗುತ್ತಿತ್ತು.

ಜಾತಿ ಯಾವುದು ಅಂತ ಕೇಳಬೇಡಿ. ಭೀಮಾ ನದಿಯ ಹೆಸರಿನ ಭೀಮಥಡಿ ತಳಿ ಅಂತ ಒಂದಿದೆ. ಮರಾಠಾ ದಂಡಿನಲ್ಲಿ ಇದ್ದ ಗಟ್ಟಿ ಕುದುರೆ. ಥಡಿ ಅಂದರೆ ನಮ್ಮ ತಡಿಯೇ, ದಂಡೆ. ಚಂದ್ರಿಯಲ್ಲಿ ಅದರ ರಕ್ತ ಎಷ್ಟಿದೆಯೋ ದೇವರೇ ಬಲ್ಲ. ಕಂದು ಬಣ್ಣ, ಹಣೆಯಲ್ಲಿ ಬಿಳಿ ಚಂದ್ರ.

ನನ್ನ ಜತೆ ಬಂದ ಗೆಳೆಯ ಮೈಮೇಲಿನ ಕೂದಲ ಸುಳಿ ನೋಡಲು ಶುರು ಮಾಡಿದ. ಅವರ ಮನೆಯಲ್ಲಿ ಎತ್ತು ತಂದರೂ ಸುಳಿ, ಕುದುರೆ ತಂದರೂ ಸುಳಿ. ಗಂಟಲಲ್ಲಿ ದೇವಮಣಿ ಸುಳಿ ಇದ್ದರೆ ಭಾಗ್ಯ, ಇಂಥಲ್ಲಿ ಇದ್ದರೆ ಯಜಮಾನನಿಗೆ ಕೇಡು ಅಂತ ದೊಡ್ಡ ಶಾಸ್ತ್ರ. ನಾನು ಸುಳಿ ನಂಬುವವನಲ್ಲ. ಆದರೆ ಸುಳಿ ನೋಡುವ ನೆಪದಲ್ಲಿ ಕುದುರೆಯ ಮೈಯ ಒಂದೊಂದು ಇಂಚಿಗೂ ಕೈ ಬೀಳುತ್ತೆ, ಅದು ಒಳ್ಳೆಯದೇ. ಕುರಿಗಾರರ ಮುದುಕಿ ಒಲೆಯ ಹತ್ತಿರ ಕೂತಿದ್ದವಳು ಅಂದಳು: "ಸುಳಿ ಏನ್ ನೋಡ್ತೀಯೋ ತಮ್ಮಾ, ಅದು ನೀರ ಕುಡಿಯೂದು ನೋಡು." ನೋಡಿದೆ. ಚಂದ್ರಿ ನಾಲ್ಕು ಗುಟುಕು ಕುಡಿದು ತಲೆ ಎತ್ತಿ ಸುತ್ತ ನೋಡುತ್ತಿದ್ದಳು. ಮತ್ತೆ ತಲೆ ಇಳಿಸಿ ಕುಡಿಯುತ್ತಿದ್ದಳು. ನಾಯಿ ಹಾದುಹೋದರೆ ಒಂದು ಕಿವಿ ಅತ್ತ ಹೋಗುತ್ತಿತ್ತು, ಕುಡಿಯುವುದು ನಿಲ್ಲುತ್ತಿರಲಿಲ್ಲ. ಗೆಳೆಯ "ಇದು ಚಂಚಲ ಐತೋ, ಕಿವಿ ನಿಲ್ಲಂಗಿಲ್ಲ" ಅಂದ. ಬಾದಲ್‌ಗೆ ಮುಂಚೆ ನಾನೂ ಹಾಗೇ ಅನ್ನುತ್ತಿದ್ದೆ.

ಮುದುಕಿಯನ್ನು ಕೇಳಿ ಒಂದು ಸ್ಟೀಲ್ ತಾಟು ತೆಗೆದುಕೊಂಡೆ. ಚಂದ್ರಿಯಿಂದ ಹತ್ತು ಹೆಜ್ಜೆ ದೂರದ ಕಲ್ಲಿನ ಮೇಲೆ ಬಿಟ್ಟೆ. ಚಂದ್ರಿ ಅರ್ಧ ಹೆಜ್ಜೆ ಪಕ್ಕಕ್ಕೆ ಹಾರಿದಳು. ತಲೆ ಮೇಲೆ, ಎರಡೂ ಕಿವಿ ತಾಟಿನ ಕಡೆ. ಫುರ್ ಅಂತ ಮೂಗಿನಿಂದ ಗಾಳಿ ಬಿಟ್ಟಳು. ನಾನು ಮನಸ್ಸಲ್ಲೇ ಎಣಿಸುತ್ತಿದ್ದೆ. ಏಳು, ಎಂಟು, ಒಂಬತ್ತು. ತಲೆ ಇಳಿಯಿತು. ಬಾಯಿ ಚಪ್ಪರಿಸಿದಳು. ಆಮೇಲೆ ನಡೆದುಕೊಂಡು ಬಂದು ತಾಟು ಮೂಸಿದಳು. ಎರಡನೇ ಸಲ ಬಿಟ್ಟಾಗ ಕಿವಿ ಮಾತ್ರ ತಿರುಗಿತು. ಮೂರನೇ ಸಲ ಮುದುಕಿ ನನ್ನನ್ನೇ ಬೈದಳು, ತಾಟು ನಗ್ಗಿತ್ತು.

ಅಳತೆಯ ಮಾತು ಬೇಗ ಮುಗಿಸುತ್ತೇನೆ. ಕುದುರೆಯ ಎತ್ತರವನ್ನು ಹ್ಯಾಂಡ್‌ನಲ್ಲಿ ಅಳೆಯುತ್ತಾರೆ. ಒಂದು ಹ್ಯಾಂಡ್ ಅಂದರೆ 4 ಇಂಚು. ಚಂದ್ರಿ 13 ಹ್ಯಾಂಡ್, ಅಂದರೆ ಭುಜದ ಹತ್ತಿರ 52 ಇಂಚು. ಇದಕ್ಕಿಂತ ಬಹಳ ಎತ್ತರ ಬೇಡ. ಪಕ್ಕದಲ್ಲಿ ನಡೆಯುವವರ ಕೈ ಮಗುವಿನ ಸೊಂಟಕ್ಕೆ ಸಲೀಸಾಗಿ ಸಿಗಬೇಕು. ಮರಿ ಕುದುರೆ ಬೇಡ, ಎಂಟು ಹತ್ತು ವರ್ಷ ದಾಟಿರಲಿ. ಹೆಣ್ಣು ಆಗಬಹುದು, ಬೀಜ ಒಡೆಸಿದ ಗಂಡು ಆಗಬಹುದು, ಇಡೀ ಗಂಡು ಬೇಡ. ಕುಂಟು ಸ್ವಲ್ಪವೂ ಇರಬಾರದು. ಕುಂಟುವ ಕುದುರೆ ಮಗುವಿನ ಸೊಂಟಕ್ಕೆ ಕುಂಟು ನಡಿಗೆಯನ್ನೇ ಕಲಿಸುತ್ತೆ. ಜೀನು ಸೇರಿ ಮೇಲಿನ ಭಾರ ಕುದುರೆ ತೂಕದ ಐದನೇ ಒಂದು ಪಾಲು ದಾಟಬಾರದು. 280 ಕಿಲೋ ಕುದುರೆಗೆ 56 ಕಿಲೋ. ಮಗುವಿನ ಹಿಂದೆ ಅಪ್ಪನೂ ಹತ್ತಿ ಫೋಟೋ ತೆಗೆಸುವ ಹಾಗಿಲ್ಲ.

ಕೆಲಸ ಹೇಗೆ ನಡೆಯುತ್ತೆ ಅಂದರೆ, ಒಂದು ಮಗುವಿಗೆ ನಾಲ್ಕು ಜನ. ಒಬ್ಬರು ಕುದುರೆ ಹಿಡಿಯುವವರು. ಅವರು ಮಗುವನ್ನು ನೋಡಬಾರದು, ಕುದುರೆಯನ್ನೇ ನೋಡಬೇಕು. ಎಡಕ್ಕೆ ಬಲಕ್ಕೆ ಇಬ್ಬರು. ಜತೆಗೆ ನಾನು. ಮಗುವಿನ ತಲೆಗೆ ಹೆಲ್ಮೆಟ್. ಬೇಸಿಗೆಯಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತೆ, ಹಾಗಾಗಿ ಬೆಳಿಗ್ಗೆ ಆರೂವರೆಗೆ ಶುರು, ಎಂಟೂವರೆಗೆ ಮುಗಿಯಿತು. ಮಗುವಿಗೆ ಅರ್ಧ ಗಂಟೆ. ಚಂದ್ರಿಗೆ ದಿನಕ್ಕೆ ಮೂರು ಮಕ್ಕಳು, ವಾರಕ್ಕೆ ನಾಲ್ಕು ದಿನ. "ಇನ್ನೊಂದು ಮಗು ಅಷ್ಟೇ ಸರ" ಅಂತ ಯಾರಾದರೂ ಕೇಳುತ್ತಲೇ ಇರುತ್ತಾರೆ. ಇಲ್ಲ ಅನ್ನುವುದು ಈ ಕೆಲಸದಲ್ಲಿ ನನಗೆ ಬಹಳ ಕಷ್ಟದ ಭಾಗ.

ನೆಲ ಕೂಡ ಮುಖ್ಯ. ನಮ್ಮದು ಎರಿ ಭೂಮಿ. ಮಳೆಯಲ್ಲಿ ಅಂಟು, ಬೇಸಿಗೆಯಲ್ಲಿ ಕಾಲು ಹೋಗುವಷ್ಟು ಬಿರುಕು. ಹತ್ತು ಟ್ರ್ಯಾಕ್ಟರ್ ಮರಳು ಮಿಶ್ರಿತ ಮಣ್ಣು ಹೊಡೆಸಿ ಒಂದು ಸುತ್ತು ದಾರಿ ಮಾಡಿದೆವು. ಮೇವಿಗೆ ಒಣ ಹುಲ್ಲು, ಕರಿಕಿ, ಸ್ವಲ್ಪ ನೆನೆಸಿದ ಹುರಳಿ. ನಮ್ಮ ಭಾಗದವರಿಗೆ ಒಂದು ಮಾತು: ಎಳೆ ಜೋಳದ ಹಸಿ ಬೆಳೆ ದನಕ್ಕೆ ವಿಷ ಅಂತ ನಿಮಗೆ ಗೊತ್ತು, ಕುದುರೆಗೂ ಅದು ಬೇಡವೇ ಬೇಡ. ಇನ್ನೊಂದು, ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ. ತಿನ್ನಬಾರದ್ದು ಒಳಗೆ ಹೋದರೆ ಹೊಟ್ಟೆನೋವು ಪ್ರಾಣಕ್ಕೇ ಬರುತ್ತೆ. ಹಾಗಾಗಿ ಮನೆಯಿಂದ ಹೋಳಿಗೆ, ಚಪಾತಿ, ಕುರ್ಕುರೆ ತರಬೇಡಿ. ಕುರ್ಕುರೆ ತಂದವರಿದ್ದಾರೆ.

ಎಲ್ಲ ಮಕ್ಕಳಿಗೂ ಇದು ಅಲ್ಲ ಅನ್ನುವುದನ್ನೂ ಹೇಳಬೇಕು. ಸೊಂಟದ ಕೀಲು ಜಾರಿದ್ದರೆ ಬೇಡ. ಫಿಟ್ಸ್ ಹತೋಟಿಯಲ್ಲಿ ಇಲ್ಲದಿದ್ದರೆ ಬೇಡ. ಡೌನ್ ಸಿಂಡ್ರೋಮ್ ಇರುವ ಕೆಲವು ಮಕ್ಕಳಿಗೆ ಕುತ್ತಿಗೆಯ ಮೇಲಿನ ಎರಡು ಮೂಳೆಗಳ ನಡುವೆ ಸಡಿಲ ಇರುತ್ತೆ. ಅಂಥವರಿಗೆ ಕುಲುಕಾಟ ಅಪಾಯ. ಡಾಕ್ಟರು ನೋಡಿ ಒಪ್ಪಿಗೆ ಬರೆದುಕೊಡದೆ ಕೂರಿಸುವುದಿಲ್ಲ. ಧನುರ್ವಾಯು ಇಂಜೆಕ್ಷನ್ ಆಗಿರಬೇಕು, ಮಗುವಿಗೂ ನಿಮಗೂ. ಕುದುರೆ ಲದ್ದಿಯಲ್ಲಿ, ಅದು ಓಡಾಡುವ ಮಣ್ಣಿನಲ್ಲಿ ಆ ರೋಗಾಣು ಇರುತ್ತೆ. ಮತ್ತೆ, ಕುದುರೆ ಹತ್ತುತ್ತಾನಲ್ಲ ಅಂತ ಮನೆಯ ವ್ಯಾಯಾಮ ಬಿಟ್ಟರೆ ಇದ್ದದ್ದೂ ಹೋಗುತ್ತೆ. ಕುದುರೆ ರೋಗ ವಾಸಿ ಮಾಡುವುದಿಲ್ಲ.

ಕುದುರೆ ಮೇಲೆ ಕೂತ ಮಗು ಥಟ್ಟನೆ ಮೊದಲ ಮಾತಾಡಿತು, ಎಲ್ಲರೂ ಅತ್ತರು ಅನ್ನುವ ವಿಡಿಯೋ ನಿಮಗೂ ಬಂದಿರಬಹುದು. ನನ್ನ ಹತ್ತಿರ ಅಂಥ ಕಥೆ ಇಲ್ಲ. ಇರುವುದು ಹೀಗಿದೆ. ಆಟಿಸಂ ಇರುವ ಒಂಬತ್ತು ವರ್ಷದ ಹುಡುಗ. ಮೊದಲ ಐದು ವಾರ ಕುದುರೆಯಿಂದ ಹದಿನೈದು ಅಡಿ ದೂರ. ಅವನು ಮಾಡಿದ್ದು ಒಂದೇ ಕೆಲಸ, ಬಕೆಟ್‌ನಲ್ಲಿ ಲದ್ದಿ ತುಂಬಿ ತಿಪ್ಪೆಗೆ ಸುರಿಯುವುದು. ಅವನ ಅಜ್ಜಿಗೆ ಸಿಟ್ಟು: "ದುಡ್ಡು ಕೊಟ್ಟು ಮೊಮ್ಮಗನ ಕಡೆ ಲದ್ದಿ ಬಳಸ್ತೀರೇನ್ರಿ?" ಆರನೇ ವಾರ ಅವನೇ ಬಂದು ಬ್ರಷ್ ತೆಗೆದುಕೊಂಡ. ಚಂದ್ರಿಯ ಭುಜ ತಿಕ್ಕಿದ. ಮೇಲಿನಿಂದ ಕೆಳಕ್ಕೆ, ಒಂದೇ ಜಾಗ, ಅರ್ಧ ಗಂಟೆ. ಚಂದ್ರಿ ಕೆಳತುಟಿ ಇಳಿಬಿಟ್ಟು ಒಂದು ಹಿಂಗಾಲು ಮಡಚಿ ನಿಂತಿದ್ದಳು. ಅವನು ಇವತ್ತಿಗೂ ಕುದುರೆ ಹತ್ತಿಲ್ಲ. ಆದರೆ ತಲೆಗೆ ಬಾಚಣಿಗೆ ತಂದರೆ ಮನೆ ಕಿತ್ತುಹೋಗುವ ಹಾಗೆ ಕಿರುಚುತ್ತಿದ್ದವನು ಈಗ ಬಾಚಿಸಿಕೊಳ್ಳುತ್ತಾನಂತೆ. ಅವನ ತಾಯಿ ಮೊದಲು ತನ್ನ ಮುಂಗೈ ಮೇಲೆ ಆ ಬಾಚಣಿಗೆ ಎಳೆದು ತೋರಿಸಬೇಕು. ಚಂದ್ರಿಗೆ ಬ್ರಷ್ ಮುಟ್ಟಿಸುವ ಮುಂಚೆ ನಾವು ಹಾಗೇ ಮಾಡುತ್ತೇವೆ.

ಕೊನೆಗೆ ಒಂದು ವಿಷಯ. ಚಂದ್ರಿ ಕೂಡ ಬೇಡ ಅನ್ನುತ್ತಾಳೆ. ಹೋದ ಚಳಿಗಾಲದಲ್ಲಿ ಒಂದು ಗುರುವಾರ ಜೀನು ಬಿಗಿಯಲು ಹೋದಾಗ ತಲೆ ತಿರುಗಿಸಿ ನನ್ನ ಕೈ ನೋಡಿದಳು. ಕಚ್ಚಲಿಲ್ಲ, ಕಿವಿಯನ್ನೂ ಪೂರ್ತಿ ಹಿಂದಕ್ಕೆ ಹಾಕಲಿಲ್ಲ. ಸುಮ್ನೆ ನೋಡಿದಳು. ಕಣ್ಣಿನ ಮೇಲೆ ಒಂದು ಗೆರೆ ಬಿಗಿದಿತ್ತು, ಬಾಯಿ ಬಿಗಿದಿತ್ತು. 2014ರಲ್ಲಿ ಯುರೋಪಿನ ಸಂಶೋಧಕರು ನೋವಿರುವ ಕುದುರೆಯ ಮುಖದಲ್ಲಿ ಏನೇನು ಬದಲಾಗುತ್ತೆ ಅಂತ ಆರು ಗುರುತು ಪಟ್ಟಿ ಮಾಡಿದರು: ಕಿವಿ, ಕಣ್ಣಿನ ರೆಪ್ಪೆ, ಕಣ್ಣಿನ ಮೇಲ್ಭಾಗ, ದವಡೆ, ಬಾಯಿ, ಮೂಗಿನ ಹೊಳ್ಳೆ. ನಮ್ಮ ಲಾಯದ ಗೋಡೆಗೆ ಅದನ್ನು ಕನ್ನಡದಲ್ಲಿ ಬರೆದು ಅಂಟಿಸಿದ್ದೇವೆ. ಹೊಟ್ಟೆಪಟ್ಟಿ ತಾಗುವಲ್ಲಿ ಕೈಯಾಡಿಸಿದರೆ ಹುರುಳಿ ಕಾಳಿನಷ್ಟು ಒಂದು ಮುಳ್ಳು. ಕೂದಲ ಒಳಗೆ ನೆಟ್ಟಿತ್ತು. ಅವತ್ತು ಮೂರು ಮಕ್ಕಳು ಕುದುರೆ ಹತ್ತದೆ ವಾಪಸ್ ಹೋದರು. ಒಬ್ಬರು ಸಿಂದಗಿಯಿಂದ ಬಂದಿದ್ದರು, ಬೇಜಾರು ಮಾಡಿಕೊಂಡರು. ಮಾಡಿಕೊಳ್ಳಲಿ. ಬಾದಲ್ ಇದೇ ಮಾತನ್ನು ಎಷ್ಟು ವರ್ಷ, ಎಷ್ಟು ಜನಕ್ಕೆ ಹೇಳಿ ಕೊನೆಗೆ ಸುಮ್ಮನಾಗಿರಬೇಕು!

ಈಗ ಮೂರನೇ ಸಾಲಿನವರಿಗೆ. ನಿಮ್ಮೂರ ಆ ಕುದುರೆ ಒಳ್ಳೆಯದೇ ಇರಬಹುದು, ನಾನು ನೋಡಿಲ್ಲ. ನಾಳೆ ಬೆಳಿಗ್ಗೆ ಹುಡುಗನನ್ನು ಮನೆಯಲ್ಲಿ ಬಿಟ್ಟು ನೀವೊಬ್ಬರೇ ಹೋಗಿ. ಮುಟ್ಟಬೇಡಿ, ಕರೆಯಬೇಡಿ, ಪಟಾಕಿ ಅಂತೂ ಬೇಡ. ಯಜಮಾನ ನೀರಿನ ಬಕೆಟ್ ತರುವ ಹೊತ್ತಿಗೆ ಸ್ವಲ್ಪ ದೂರ ನಿಂತು ನೋಡಿ. ಬಕೆಟ್‌ನ ಹಿಡಿ ಕಟಕಟ ಅಂದಾಗ ಆ ಕುದುರೆಯ ಕಿವಿ ತಿರುಗುತ್ತಾ? ಪಕ್ಕೆಗೆ ಲದ್ದಿ ಮೆತ್ತಿದೆಯಾ? ಇಷ್ಟು ನೋಡಿ ಬಂದು ನನಗೆ ಫೋನ್ ಮಾಡಿ. ಆಮೇಲೆ ಪಶುವೈದ್ಯರನ್ನು ಕರೆದುಕೊಂಡು ಇಬ್ಬರೂ ಹೋಗೋಣ.